ನಿಮಗಿದು ಗೊತ್ತೇ? ಸರ್ಕಾರ ಕೋರ್ಟಿನ ಮೆಟ್ಟಿಲೇರಿದಾಗ

● ಸರ್ಕಾರದಿಂದ ನಷ್ಟ ಪರಿಹಾರ ಕೇಳುವ ವಕೀಲರು ಇವತ್ತಿಗೂ ಹಳೆಯ ಕಲ್ಕತ್ತೆಯ ಒಂದು ಕುದುರೆಯ ಕಥೆ ಹೇಳಿಯೇ ಮುಂದಕ್ಕೆ ಹೋಗುತ್ತಾರೆ. ಕಿಡ್ಡರ್‌ಪುರದ ಸರ್ಕಾರಿ ಹಡಗುಕಟ್ಟೆಯಲ್ಲಿ ಕೂಲಿಗಳು ಹಡಗಿನ ದುರಸ್ತಿಗೆಂದು ಭಾರಿ ಕಬ್ಬಿಣದ ತುಂಡೊಂದನ್ನು ಹೊತ್ತು ದಾರಿ ಮಧ್ಯೆ ಸಾಗುತ್ತಿದ್ದರು. ಎದುರಿಗೆ ಪಿ ಅಂಡ್ ಓ ಹಡಗು ಕಂಪನಿಯ ಜೋಡಿಕುದುರೆ ಗಾಡಿ ಬಂತು. ಗಾಡಿಯವನು ಕೂಗಿದ. ಗಾಬರಿಬಿದ್ದ ಕೂಲಿಗಳು ಕಬ್ಬಿಣವನ್ನು ಅಲ್ಲೇ ಕೆಡವಿ ಓಡಿದರು. ಆ ಸದ್ದಿಗೆ ಬೆದರಿದ ಕುದುರೆ ಮುನ್ನುಗ್ಗಿ ಅದೇ ಕಬ್ಬಿಣದ ಮೇಲೆ ಬಿದ್ದು ಗಾಯ ಮಾಡಿಕೊಂಡಿತು. ಕಂಪನಿ ಕೇಳಿದ ಪರಿಹಾರ 350 ರೂಪಾಯಿ.

1861ರಲ್ಲಿ ಮುಖ್ಯ ನ್ಯಾಯಾಧೀಶ ಬಾರ್ನ್ಸ್ ಪೀಕಾಕ್ ಕಂಪನಿಯ ಪರ ತೀರ್ಪು ಕೊಟ್ಟರು. ಹಡಗು ರಿಪೇರಿಯಂಥ ವ್ಯಾಪಾರದ ಕೆಲಸವನ್ನು ಯಾರು ಬೇಕಾದರೂ ಮಾಡಬಹುದು. ಆ ಕೆಲಸಕ್ಕೆ ಕೈಹಾಕಿದ ಸರ್ಕಾರ, ಉಳಿದ ಯಾವುದೇ ಯಜಮಾನನಂತೆಯೇ ತನ್ನ ಆಳುಗಳ ತಪ್ಪಿಗೆ ಹೊಣೆ. ಯುದ್ಧ, ಆಡಳಿತದಂಥ ದೊರೆತನದ ಕೆಲಸಗಳ ಲೆಕ್ಕವೇ ಬೇರೆ ಎಂದರು. ನಮ್ಮ ಸಂವಿಧಾನದ 300ನೇ ವಿಧಿ ಸರ್ಕಾರದ ಮೇಲೆ ದಾವೆ ಹೂಡುವ ಹಕ್ಕನ್ನು ಹಳೆಯ ಕಾಯಿದೆಗಳ ಸರಪಣಿಗೇ ಕಟ್ಟಿದೆ. ಹಾಗಾಗಿ ಆ ಕುದುರೆಯ ಕೇಸಿಗೆ ಇನ್ನೂ ಮುಪ್ಪು ಬಂದಿಲ್ಲ.

● ದೊರೆತನದ ಕೆಲಸ ಎಂದರೇನು? ಮೀರತ್ತಿನ ಪೊಲೀಸ್ ಠಾಣೆಯೊಂದರ ಮಾಲುಖಾನೆಯಲ್ಲಿ ನಡೆದದ್ದನ್ನು ಕೇಳಿ. 1947ರ ಸೆಪ್ಟೆಂಬರಿನಲ್ಲಿ ಅಮೃತಸರದ ಚಿನ್ನಬೆಳ್ಳಿ ವ್ಯಾಪಾರಿಯೊಬ್ಬರು ಮಾಲು ಮಾರಲೆಂದು ಮೀರತ್ತಿಗೆ ಬಂದಿಳಿದರು. ಅನುಮಾನದ ಮೇಲೆ ಪೊಲೀಸರು ಅವರನ್ನು ಹಿಡಿದು ನೂರಕ್ಕೂ ಹೆಚ್ಚು ತೊಲ ಚಿನ್ನ ಮತ್ತು ಬೆಳ್ಳಿಯನ್ನು ವಶಕ್ಕೆ ತೆಗೆದುಕೊಂಡರು. ಬೆಳ್ಳಿ ವಾಪಸು ಬಂತು. ಚಿನ್ನವನ್ನು ಮಾಲುಖಾನೆಯ ಉಸ್ತುವಾರಿ ಹೆಡ್ ಕಾನ್ಸ್‌ಟೇಬಲ್ ಜೇಬಿಗಿಳಿಸಿ ಪಾಕಿಸ್ತಾನಕ್ಕೆ ಪರಾರಿಯಾದ.

ವ್ಯಾಪಾರಿಯ ಸಂಸ್ಥೆ ಕಸ್ತೂರಿಲಾಲ್ ರಲಿಯಾರಾಮ್ ಜೈನ್ ಸುಪ್ರೀಂ ಕೋರ್ಟ್‌ವರೆಗೂ ಹೋಗಿ 1964ರಲ್ಲಿ ಸೋತಿತು. ಪೊಲೀಸರ ನಿರ್ಲಕ್ಷ್ಯವನ್ನು ಕೋರ್ಟು ಒಪ್ಪಿತು. ಆದರೆ ಬಂಧನ, ಜಪ್ತಿ ದೊರೆತನದ ಅಧಿಕಾರ, ಅದಕ್ಕೆ ಸರ್ಕಾರ ಹೊಣೆಯಲ್ಲ ಎಂದಿತು. ಪೀಠದಲ್ಲಿದ್ದವರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಓದಿದ್ದ ಮುಖ್ಯ ನ್ಯಾಯಮೂರ್ತಿ ಪಿ.ಬಿ. ಗಜೇಂದ್ರಗಡ್ಕರ್. ಈ ಸ್ಥಿತಿ ಸರಿಯಲ್ಲ, ಶಾಸಕಾಂಗ ಕಾನೂನು ಮಾಡಬೇಕು ಎಂದು ಅವರೇ ಬರೆದರು. ಮಸೂದೆ ಬಂತು, ಬಿದ್ದುಹೋಯಿತು. ಅದು ಕಾನೂನಾಗಲೇ ಇಲ್ಲ. 1994ರಲ್ಲಿ ಜಪ್ತಿಯಾದ ಗೊಬ್ಬರ ಮತ್ತು ಧಾನ್ಯ ಹಾಳಾದ ನಾಗೇಂದ್ರರಾವ್ ಕಂಪನಿಯ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಆ ಹಳೆಯ ರಕ್ಷಣೆಯನ್ನು ಬಹುಮಟ್ಟಿಗೆ ಕತ್ತರಿಸಿತು. ಅಮೃತಸರದವರಿಗೆ ಅದರಿಂದ ಬಂದದ್ದೇನೂ ಇಲ್ಲ.

● ಸರ್ಕಾರದ ಪ್ರತಿ ಒಪ್ಪಂದವೂ ರಾಷ್ಟ್ರಪತಿ ಅಥವಾ ರಾಜ್ಯಪಾಲರ ಹೆಸರಿನಲ್ಲೇ ಇರಬೇಕು. ಅದು 299ನೇ ವಿಧಿ. ಅದೇ ವಿಧಿಯ ಎರಡನೇ ಭಾಗ, ಆ ಒಪ್ಪಂದಕ್ಕೆ ರಾಷ್ಟ್ರಪತಿಯಾಗಲಿ ರಾಜ್ಯಪಾಲರಾಗಲಿ ವೈಯಕ್ತಿಕವಾಗಿ ಹೊಣೆಯಲ್ಲ ಎನ್ನುತ್ತದೆ. ಹೆಸರು ಅವರದು, ಸಾಲ ಅವರದಲ್ಲ.

● ಆ ಕ್ರಮ ತಪ್ಪಿ, ಅಧಿಕಾರಿಯ ಮಾತು ನಂಬಿ ಕೆಲಸ ಮಾಡಿಕೊಟ್ಟ ಗುತ್ತಿಗೆದಾರನ ಗತಿ? ಬಂಗಾಳದಲ್ಲಿ ಬಿ.ಕೆ. ಮಂಡಲ್ ಸಂಸ್ಥೆ ನಾಗರಿಕ ಪೂರೈಕೆ ಇಲಾಖೆಗೆ ಶೆಡ್ಡು, ರಸ್ತೆ ಕಟ್ಟಿಕೊಟ್ಟಿತ್ತು. ಬಿಲ್ಲು ಕೊಟ್ಟಾಗ ಒಪ್ಪಂದವೇ ಸಿಂಧುವಲ್ಲ ಎಂಬ ಉತ್ತರ ಬಂತು. ಒಪ್ಪಂದ ಸಿಂಧುವಲ್ಲ ನಿಜ, ಆದರೆ ಕಟ್ಟಿದ ಶೆಡ್ಡನ್ನು ಬಳಸಿಕೊಂಡ ಮೇಲೆ ಕರಾರು ಕಾಯಿದೆಯ 70ನೇ ಕಲಮಿನಡಿ ದುಡ್ಡು ಕೊಡಲೇಬೇಕು ಎಂದು 1961ರಲ್ಲಿ ಸುಪ್ರೀಂ ಕೋರ್ಟು ಹೇಳಿತು. ಪಿಡಬ್ಲ್ಯುಡಿ ಬಿಲ್ಲಿನ ಹಿಂದೆ ಓಡಾಡುವ ಗುತ್ತಿಗೆದಾರರ ವಕೀಲರಿಗೆ ಈ ಕಲಮು ಬಾಯಿಪಾಠ.

● ಪಕ್ಕದ ಮನೆಯವನ ಮೇಲೆ ಇವತ್ತೇ ದಾವೆ ಹೂಡಬಹುದು. ಸರ್ಕಾರದ ಮೇಲಾದರೆ ಸಿವಿಲ್ ಪ್ರಕ್ರಿಯಾ ಸಂಹಿತೆಯ 80ನೇ ಕಲಮಿನಡಿ ನೋಟಿಸು ಕೊಟ್ಟು ಪೂರ್ತಿ ಎರಡು ತಿಂಗಳು ಕಾಯಬೇಕು. ಬಿಹಾರದಲ್ಲಿ ಒಬ್ಬರು ಎರಡು ತಿಂಗಳು ತುಂಬುವ ಮೊದಲೇ ದಾವೆ ಹಾಕಿದರು. ಅದು ವಜಾ ಆದದ್ದು ಸರಿಯೇ ಎಂದು 1984ರಲ್ಲಿ ಸುಪ್ರೀಂ ಕೋರ್ಟು ಖಚಿತಪಡಿಸಿತು. ತೀರಾ ತುರ್ತಿದ್ದರೆ ಕೋರ್ಟಿನ ಅನುಮತಿ ಪಡೆದು ನೋಟಿಸಿಲ್ಲದೆಯೂ ಬರಬಹುದು. ಆ ಬಾಗಿಲು ತೆರೆದದ್ದು 1976ರ ತಿದ್ದುಪಡಿ.

ಇಲಾಖೆ ಆ ಎರಡು ತಿಂಗಳಲ್ಲಿ ನೋಟಿಸು ಓದಿ, ನ್ಯಾಯವಿದ್ದರೆ ಕೊಟ್ಟು ಮುಗಿಸಲಿ ಎಂಬುದು ಕಾನೂನಿನ ಆಸೆ. ಓದುತ್ತಾರೆಯೇ ಎಂದು ಯಾವ ವಕೀಲರನ್ನಾದರೂ ಕೇಳಿ, ನಗುತ್ತಾರೆ.

● ಹೈಕೋರ್ಟಿನ ರಿಟ್ ಅರ್ಜಿಗೆ ಈ ನೋಟಿಸಿನ ಗೋಜಿಲ್ಲ. ಟೆಂಡರು, ಲೈಸೆನ್ಸು, ತೆರಿಗೆ ತಗಾದೆ ಬಂದಾಗ ಕಂಪನಿಗಳ ವಕೀಲರು ನೇರ 226ನೇ ವಿಧಿಯ ದಾರಿ ಹಿಡಿಯುವುದಕ್ಕೆ ಇದೂ ಒಂದು ಕಾರಣ.

● ಆ ದಾರಿಯಲ್ಲಿ ದೊಡ್ಡ ಮೈಲಿಗಲ್ಲು ನೆಟ್ಟದ್ದು ಬಾಂಬೆ ವಿಮಾನ ನಿಲ್ದಾಣದ ಒಂದು ಹೋಟೆಲು! 1977ರ ಜನವರಿಯಲ್ಲಿ ನಿಲ್ದಾಣದ ಪ್ರಾಧಿಕಾರ ಒಂದು ಎರಡನೇ ದರ್ಜೆ ರೆಸ್ಟೋರೆಂಟು ಮತ್ತು ಎರಡು ತಿಂಡಿ ಬಾರುಗಳಿಗೆ ಟೆಂಡರು ಕರೆಯಿತು. ಐದು ವರ್ಷ ಅನುಭವವಿರುವ ನೋಂದಾಯಿತ ಎರಡನೇ ದರ್ಜೆ ಹೋಟೆಲಿನವರು ಮಾತ್ರ ಅರ್ಜಿ ಹಾಕಬೇಕು ಎಂಬುದು ಷರತ್ತು. ತಿಂಗಳಿಗೆ 6,666 ರೂಪಾಯಿ 66 ಪೈಸೆ ಕೊಡುವೆನೆಂದು ಎಲ್ಲರಿಗಿಂತ ಹೆಚ್ಚು ಕೂಗಿದವರು ಕ್ಯಾಂಟೀನು ನಡೆಸಿದ ಅನುಭವಸ್ಥರು, ದರ್ಜೆಯ ಹೋಟೆಲಿನವರಲ್ಲ. ಪ್ರಾಧಿಕಾರ ಅವರಿಗೇ ಕೊಟ್ಟಿತು.

ರಮಣ ದಯಾರಾಮ್ ಶೆಟ್ಟಿ ಎಂಬವರು ಕೋರ್ಟಿಗೆ ಹೋದರು. ವಿಚಿತ್ರವೆಂದರೆ ಅವರು ಟೆಂಡರೇ ಹಾಕಿರಲಿಲ್ಲ. ನನಗೂ ಆ ಅರ್ಹತೆ ಇಲ್ಲ, ಷರತ್ತು ಸಡಿಲವೆಂದು ಗೊತ್ತಿದ್ದರೆ ನಾನೂ ಹಾಕುತ್ತಿದ್ದೆ ಎಂಬುದೇ ಅವರ ವಾದ. 1979ರ ಮೇ ತಿಂಗಳಲ್ಲಿ ನ್ಯಾಯಮೂರ್ತಿ ಪಿ.ಎನ್. ಭಗವತಿ ಆ ವಾದವನ್ನು ಎತ್ತಿ ಹಿಡಿದರು. ಸರ್ಕಾರಿ ಸಂಸ್ಥೆ ತಾನೇ ಹಾಕಿದ ಷರತ್ತಿಗೆ ತಾನೂ ಬದ್ಧ, ಖಾಸಗಿ ಧಣಿಯ ಹಾಗೆ ಮನಬಂದವರಿಗೆ ಗುತ್ತಿಗೆ ಕೊಡುವಂತಿಲ್ಲ. ಇಷ್ಟು ಹೇಳಿ ಮುಗಿಸಿ ಶೆಟ್ಟರ ಅರ್ಜಿಯನ್ನು ತಳ್ಳಿಹಾಕಿದರು! ಅವರು ತಡವಾಗಿ ಬಂದಿದ್ದಾರೆ, ಬೇರೆ ಯಾರದೋ ಪರವಾಗಿ ಬಂದಂತಿದೆ, ಅಷ್ಟರಲ್ಲಿ ಗುತ್ತಿಗೆ ಹಿಡಿದವರು ಸುಮಾರು 1,25,000 ರೂಪಾಯಿ ಸುರಿದಿದ್ದಾರೆ ಎಂಬುದು ಕಾರಣ. ಇಂದು ಟೆಂಡರು ತಕರಾರಿನ ಹೆಚ್ಚುಕಡಿಮೆ ಎಲ್ಲ ಅರ್ಜಿಗಳಲ್ಲೂ ಈ ತೀರ್ಪು ಇರುತ್ತದೆ. ಅದನ್ನು ಉಲ್ಲೇಖಿಸುವ ಎಷ್ಟು ಜೂನಿಯರ್‌ಗಳಿಗೆ ಅರ್ಜಿದಾರ ಸೋತದ್ದು ಗೊತ್ತಿದೆಯೋ!

● ನಿಮ್ಮ ಸಾಲ ವಸೂಲಿಗೆ ದಾವೆ ಹೂಡಲು ಸಾಮಾನ್ಯವಾಗಿ ಮೂರು ವರ್ಷ ಅವಕಾಶ. ಸರ್ಕಾರ ಹೂಡುವ ದಾವೆಗೆ? ಮೂವತ್ತು ವರ್ಷ. 1963ರ ಕಾಲಮಿತಿ ಕಾಯಿದೆ ಅಷ್ಟಕ್ಕೆ ಇಳಿಸಿತು. ಅದಕ್ಕೂ ಮೊದಲು ಅರವತ್ತು ಇತ್ತು.

● ಅಷ್ಟಿದ್ದೂ ಸರ್ಕಾರ ತಡ ಮಾಡುತ್ತದೆ. ಅಂಚೆ ಇಲಾಖೆ ಒಂದು ಪತ್ರಿಕಾ ಕಂಪನಿಯ ವಿರುದ್ಧ 427 ದಿನ ತಡವಾಗಿ ಸುಪ್ರೀಂ ಕೋರ್ಟಿಗೆ ಬಂತು. ಫೈಲು ಮೇಜಿಂದ ಮೇಜಿಗೆ ಹೋಗುವುದು ನಿಧಾನ ಎಂಬುದೊಂದೇ ಅದರ ಕಾರಣ. ಇನ್ನು ಈ ನೆಪ ನಡೆಯದು ಎಂದು 2012ರಲ್ಲಿ ಕೋರ್ಟು ಬಾಗಿಲು ಹಾಕಿತು.

2020ರಲ್ಲಿ ಮಧ್ಯಪ್ರದೇಶ ಸರ್ಕಾರ 663 ದಿನ ತಡವಾಗಿ ಬಂದಾಗ ನ್ಯಾಯಮೂರ್ತಿ ಸಂಜಯ್ ಕಿಶನ್ ಕೌಲ್ ಮರೆಮಾಚದೆ ಬರೆದರು: ಇವು ಸರ್ಟಿಫಿಕೇಟು ಕೇಸುಗಳು. ಸುಪ್ರೀಂ ಕೋರ್ಟೇ ವಜಾ ಮಾಡಿತು, ಇನ್ನೇನು ಮಾಡಲಿ ಎಂದು ಅಧಿಕಾರಿ ಫೈಲು ಮುಚ್ಚಿ ಕೈತೊಳೆದುಕೊಳ್ಳಲು ಒಂದು ಪ್ರಮಾಣಪತ್ರ ಬೇಕು, ಅಷ್ಟಕ್ಕೇ ಈ ಮೇಲ್ಮನವಿ. ಕೋರ್ಟಿನ ಸಮಯ ಹಾಳು ಮಾಡಿದ್ದಕ್ಕೆ 25,000 ರೂಪಾಯಿ ದಂಡ ಬಿತ್ತು. ಅದನ್ನು ತಪ್ಪಿತಸ್ಥ ಅಧಿಕಾರಿಗಳಿಂದಲೇ ವಸೂಲು ಮಾಡಿ ಎಂಬ ಮಾತೂ ಸೇರಿತು. ಸೋಲುವುದಕ್ಕೆಂದೇ ಹಾಕುವ ಕೇಸನ್ನು ನಿಂತು ವಾದಿಸಬೇಕಾದ ಸರ್ಕಾರಿ ವಕೀಲರ ಪಾಡನ್ನು ಒಮ್ಮೆ ಊಹಿಸಿಕೊಳ್ಳಿ.

● ವಾಣಿಜ್ಯ ನ್ಯಾಯಾಲಯಗಳ ಕಾಯಿದೆ 2015ರಲ್ಲಿ ಬಂದಾಗ ಒಂದು ಕೋಟಿಗೆ ಕಡಿಮೆಯ ವ್ಯಾಜ್ಯಕ್ಕೆ ಅಲ್ಲಿ ಜಾಗವಿರಲಿಲ್ಲ. 2018ರಲ್ಲಿ ಮಿತಿ ಮೂರು ಲಕ್ಷಕ್ಕೆ ಇಳಿಯಿತು. ಅಡಿಕೆ ಮಂಡಿಯವರ, ಸಣ್ಣ ಕೈಗಾರಿಕೆಯವರ ಜಗಳಕ್ಕೂ ಈಗ ಅಲ್ಲಿ ಪ್ರವೇಶ.

● ಅಲ್ಲಿ ಪ್ರತಿವಾದಿ ಜವಾಬು ಸಲ್ಲಿಸಲು ಗರಿಷ್ಠ 120 ದಿನ. ಮಾರನೇ ದಿನ ತಂದರೆ ನ್ಯಾಯಾಧೀಶರಿಗೆ ಮನಸ್ಸಿದ್ದರೂ ತೆಗೆದುಕೊಳ್ಳುವ ಅಧಿಕಾರವಿಲ್ಲ. ತುರ್ತು ತಡೆಯಾಜ್ಞೆ ಬೇಕಿಲ್ಲದ ದಾವೆಯಾದರೆ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು ಎಂದು 2022ರ ಪಾಟೀಲ್ ಆಟೊಮೇಷನ್ ತೀರ್ಪು ಕಡ್ಡಾಯ ಮಾಡಿತು.

● ಪಂಚಾಯ್ತಿ ತೀರ್ಪನ್ನು, ಅಂದರೆ ಆರ್ಬಿಟ್ರೇಷನ್ ಅವಾರ್ಡನ್ನು ರದ್ದು ಮಾಡಿಸಲು ಮೂರು ತಿಂಗಳು, ಸಕಾರಣವಿದ್ದರೆ ಮತ್ತೆ ಮೂವತ್ತು ದಿನ. ಆಮೇಲೆ ಒಂದು ದಿನವೂ ಇಲ್ಲ. ಕೋಟಿಗಟ್ಟಲೆ ರೂಪಾಯಿಯ ಹಣೆಬರಹವನ್ನು ಕ್ಯಾಲೆಂಡರು ಬರೆಯುವ ಕಸುಬು ಇದು. ಒಳ್ಳೆಯ ಸೀನಿಯರ್ ಜೂನಿಯರ್‌ಗೆ ಮೊದಲು ಕಲಿಸುವುದು ವಾದವನ್ನಲ್ಲ, ಡೈರಿ ಬರೆಯುವುದನ್ನು.

● ಈ ಕಸುಬಿಗೆ ಬರಲು ಎಷ್ಟು ಖರ್ಚು? ವಕೀಲರ ಪರಿಷತ್ತಿನಲ್ಲಿ ನೋಂದಣಿಗೆ 750 ರೂಪಾಯಿ, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ 125. ಕೆಲವು ರಾಜ್ಯಗಳು ಸಾವಿರಗಟ್ಟಲೆ ವಸೂಲು ಮಾಡುತ್ತಿದ್ದವು. ಕಾಯಿದೆಯಲ್ಲಿ ಇರುವುದಕ್ಕಿಂತ ಹೆಚ್ಚು ಕೇಳುವಂತಿಲ್ಲ ಎಂದು ಸುಪ್ರೀಂ ಕೋರ್ಟು 2024ರ ಜುಲೈಯಲ್ಲಿ ಕಡಿವಾಣ ಹಾಕಿತು.

● ಅದೇ ವರ್ಷ ಭಾರತೀಯ ವಕೀಲರ ಪರಿಷತ್ತು ಜೂನಿಯರ್‌ಗಳಿಗೆ ನಗರದಲ್ಲಿ ತಿಂಗಳಿಗೆ 20,000, ಹಳ್ಳಿಗಾಡಿನಲ್ಲಿ 15,000 ರೂಪಾಯಿ ಕೊಡಿ ಎಂದು ಸೀನಿಯರ್‌ಗಳಿಗೆ ಶಿಫಾರಸು ಮಾಡಿತು. ಶಿಫಾರಸು, ಅಷ್ಟೇ.

● ಗೆದ್ದರೆ ಬಂದ ಹಣದಲ್ಲಿ ಇಷ್ಟು ಪಾಲು ಎಂಬ ಒಪ್ಪಂದ ಅಮೆರಿಕದಲ್ಲಿ ಮಾಮೂಲು. ಇಲ್ಲಿ ಅದು ವೃತ್ತಿ ನಡತೆಗೆ ವಿರುದ್ಧ.

● ಫೀಸು ಬಾಕಿಯಿದೆ ಎಂದು ವಕೀಲರು ಕಕ್ಷಿದಾರನ ಫೈಲು ಹಿಡಿದಿಟ್ಟುಕೊಳ್ಳುವಂತಿಲ್ಲ. ಸೇವೆ ಸರಿಯಿಲ್ಲವೆಂದು ಕಕ್ಷಿದಾರ ವಕೀಲರನ್ನು ಗ್ರಾಹಕರ ವೇದಿಕೆಗೆ ಎಳೆಯುವಂತೆಯೂ ಇಲ್ಲ. ಮೊದಲನೆಯದು 2000ದ ತೀರ್ಪು, ಎರಡನೆಯದು 2024ರದು.

● ವಕೀಲರ ಸೇವೆಗೆ ಜಿಎಸ್‌ಟಿ ಇದೆಯೇ? ಮನೆ ಜಗಳದ ಕಕ್ಷಿದಾರನಿಗೆ ಇಲ್ಲ. ಮಿತಿ ಮೀರಿದ ವಹಿವಾಟಿನ ಕಂಪನಿಗೆ ಇದೆ, ಆದರೆ ಅದನ್ನು ಕಟ್ಟಬೇಕಾದದ್ದು ವಕೀಲರಲ್ಲ, ಕಂಪನಿಯೇ.

● ಸುಪ್ರೀಂ ಕೋರ್ಟಿನಲ್ಲಿ ಕೇಸು ದಾಖಲು ಮಾಡುವ ಹಕ್ಕಿರುವುದು ‘ಅಡ್ವೊಕೇಟ್ ಆನ್ ರೆಕಾರ್ಡ್’ಗಳಿಗೆ ಮಾತ್ರ. ಅದಕ್ಕೊಂದು ಪರೀಕ್ಷೆ ಪಾಸಾಗಬೇಕು. ಜೊತೆಗೆ, ಅವರ ಕಚೇರಿ ಸುಪ್ರೀಂ ಕೋರ್ಟಿನಿಂದ 16 ಕಿಲೋಮೀಟರ್ ಒಳಗೇ ಇರಬೇಕು! ಟೀವಿಯಲ್ಲಿ ಕಾಣುವ ದೊಡ್ಡ ಹೆಸರಿನ ಹಿರಿಯ ವಕೀಲರಿಗೆ ವಕಾಲತ್ತು ಹಾಕುವ ಅಧಿಕಾರವೇ ಇಲ್ಲ.

● ಭಾರತದ ಅಟಾರ್ನಿ ಜನರಲ್ ಮತ್ತು ರಾಜ್ಯದ ಅಡ್ವೊಕೇಟ್ ಜನರಲ್ ಸಂವಿಧಾನವೇ ಹೆಸರಿಸಿದ ಹುದ್ದೆಗಳು. ಸಾಲಿಸಿಟರ್ ಜನರಲ್ ಹುದ್ದೆ ಹಾಗಲ್ಲ. ನಮ್ಮ ಅಡ್ವೊಕೇಟ್ ಜನರಲ್ ಬಯಸಿದರೆ ವಿಧಾನಸೌಧದ ಸದನದಲ್ಲಿ ಎದ್ದು ಮಾತಾಡಬಹುದು, ಮತ ಹಾಕುವಂತಿಲ್ಲ. ಎಂ.ಸಿ. ಸೆಟಲ್ವಾಡ್ 1950ರಿಂದ 1963ರವರೆಗೆ ಅಟಾರ್ನಿ ಜನರಲ್ ಆಗಿದ್ದರು. ಆ ದಾಖಲೆ ಇನ್ನೂ ಮುರಿದಿಲ್ಲ.

● 2017ರಿಂದ 2022ರವರೆಗೆ ಅಟಾರ್ನಿ ಜನರಲ್ ಆಗಿದ್ದ ಕೆ.ಕೆ. ವೇಣುಗೋಪಾಲ್ ಕಾನೂನು ಓದಿದ್ದು ಬೆಳಗಾವಿಯ ರಾಜಾ ಲಖಮಗೌಡ ಕಾಲೇಜಿನಲ್ಲಿ. ಅವರ ತಂದೆ ಎಂ.ಕೆ. ನಂಬಿಯಾರ್ ಮಂಗಳೂರಿನಲ್ಲಿ ವಕೀಲಿಕೆ ಮಾಡಿದವರು. 1950ರ ಎ.ಕೆ. ಗೋಪಾಲನ್ ಪ್ರಕರಣದಲ್ಲಿ ಸರ್ಕಾರದ ವಿರುದ್ಧ ವಾದಿಸಿದ್ದು ಅವರೇ. ಅಪ್ಪ ಸರ್ಕಾರದ ಎದುರು, ಮಗ ಸರ್ಕಾರದ ಪರ.

● ಸಂತೋಷ್ ಹೆಗ್ಡೆ ಕರ್ನಾಟಕದ ಅಡ್ವೊಕೇಟ್ ಜನರಲ್ ಆಗಿ, ಆಮೇಲೆ ದೇಶದ ಸಾಲಿಸಿಟರ್ ಜನರಲ್ ಆಗಿ, ಅಲ್ಲಿಂದ 1999ರಲ್ಲಿ ನೇರ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದರು. ನಡುವೆ ಹೈಕೋರ್ಟಿನ ಮೆಟ್ಟಿಲೇ ಇಲ್ಲ. ಮುಂದೆ ಲೋಕಾಯುಕ್ತರಾಗಿ ಗಣಿ ವರದಿ ಬರೆದಾಗ, ಸರ್ಕಾರದ ಕಡತ ಎಲ್ಲೆಲ್ಲಿ ಏನನ್ನು ಬಚ್ಚಿಡುತ್ತದೆ ಎಂದು ಅವರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

● ಇ.ಎಸ್. ವೆಂಕಟರಾಮಯ್ಯ 1970ರಲ್ಲಿ ಮೈಸೂರು ರಾಜ್ಯದ ಅಡ್ವೊಕೇಟ್ ಜನರಲ್, 1989ರಲ್ಲಿ ಭಾರತದ ಮುಖ್ಯ ನ್ಯಾಯಮೂರ್ತಿ. ಮಗಳು ಬಿ.ವಿ. ನಾಗರತ್ನ 1987ರಲ್ಲಿ ಬೆಂಗಳೂರಿನಲ್ಲಿ ವಕೀಲರಾಗಿ ಸಂವಿಧಾನ, ವಾಣಿಜ್ಯ ವ್ಯಾಜ್ಯಗಳನ್ನು ನಡೆಸಿದವರು, ಈಗ ಸುಪ್ರೀಂ ಕೋರ್ಟಿನಲ್ಲಿದ್ದಾರೆ.

● ಎಡನೀರು ಮಠದ ಕೇಶವಾನಂದ ಭಾರತಿ ಸ್ವಾಮೀಜಿ ಕೇರಳ ಸರ್ಕಾರದ ಭೂಕಾನೂನಿನ ವಿರುದ್ಧ ಹೋದ ಕೇಸು ಎಲ್ಲರಿಗೂ ಗೊತ್ತು. 13 ನ್ಯಾಯಮೂರ್ತಿಗಳು, 68 ದಿನದ ವಿಚಾರಣೆ, 1973ರ ಏಪ್ರಿಲ್ 24ರಂದು 7–6ರ ತೀರ್ಪು. ಅವರ ಪರ ನಿಂತ ನಾನಿ ಪಾಲ್ಖಿವಾಲಾ ಮೂಲತಃ ಆದಾಯ ತೆರಿಗೆಯ ವಕೀಲರು, ಆ ವಿಷಯದ ಹೊತ್ತಗೆ ಬರೆದವರು. ಎದುರಿಗೆ ಕೇರಳದ ಪರ ನಿಂತ ಎಚ್.ಎಂ. ಸೀರ್ವಾಯಿ ಆಗ ಮಹಾರಾಷ್ಟ್ರದ ಅಡ್ವೊಕೇಟ್ ಜನರಲ್. ಕಾಸರಗೋಡಿನ ಸ್ವಾಮೀಜಿಯೂ ಅವರ ಪರ ವಾದಿಸಿದ ಬಾಂಬೆಯ ವಕೀಲರೂ ಒಮ್ಮೆಯೂ ಮುಖಾಮುಖಿ ಆಗಲಿಲ್ಲ ಎಂಬ ಮಾತಿದೆ.

● ಕಕ್ಷಿದಾರ ಸರ್ಕಾರವೇ ಆದರೂ ವಕೀಲ ಬೇಡ ಎನ್ನಬಹುದೇ? ಕಾವೇರಿ ವಿವಾದದಲ್ಲಿ ದಶಕಗಳ ಕಾಲ ಕರ್ನಾಟಕದ ಪರ ನಿಂತ ಫಾಲಿ ನಾರಿಮನ್ 2016ರ ಸೆಪ್ಟೆಂಬರ್ ಕೊನೆಯಲ್ಲಿ ಅದನ್ನು ಮಾಡಿ ತೋರಿಸಿದರು. ನೀರು ಬಿಡಲಾಗದು ಎಂಬ ರಾಜ್ಯದ ಪತ್ರವನ್ನು ಸುಪ್ರೀಂ ಕೋರ್ಟಿನ ಮುಂದಿಟ್ಟು, ಆದೇಶ ಪಾಲನೆಯಾಗುವ ತನಕ ತಾವು ವಾದ ಮುಂದುವರಿಸುವುದಿಲ್ಲ ಎಂದರು. ಮಂಡ್ಯದಲ್ಲಿ ಅವರಿಗೆ ಬೈದವರೂ ಇದ್ದಾರು. ನನಗಂತೂ ಅದು ಅವರ ವೃತ್ತಿಜೀವನದ ಉತ್ತಮ ಗಳಿಗೆಗಳಲ್ಲಿ ಒಂದು. ವಕೀಲ ಮೊದಲು ಕೋರ್ಟಿನ ಅಧಿಕಾರಿ, ಆಮೇಲೆ ಕಕ್ಷಿದಾರನ ಬಾಯಿ. ಅಂದಹಾಗೆ 2018ರ ಫೆಬ್ರವರಿಯ ಅಂತಿಮ ತೀರ್ಪಿನಲ್ಲಿ ಕರ್ನಾಟಕಕ್ಕೆ ಹೆಚ್ಚುವರಿಯಾಗಿ 14.75 ಟಿಎಂಸಿ ನೀರು ಸಿಕ್ಕಿತು, ಅದರಲ್ಲಿ 4.75 ಬೆಂಗಳೂರಿಗೆ. 1975ರಲ್ಲಿ ತುರ್ತುಪರಿಸ್ಥಿತಿ ಬಂದ ಕೂಡಲೇ ಹೆಚ್ಚುವರಿ ಸಾಲಿಸಿಟರ್ ಜನರಲ್ ಹುದ್ದೆಗೆ ರಾಜೀನಾಮೆ ಕೊಟ್ಟವರೂ ಇದೇ ನಾರಿಮನ್.

● ಗುವಾಹಟಿಯಿಂದ ಜೈಸಲ್ಮೇರಿನವರೆಗೆ ಕಾರ್ಮಿಕ ವ್ಯಾಜ್ಯ ನಡೆಸುವ ವಕೀಲರು ಬೆಂಗಳೂರು ಜಲಮಂಡಳಿಯ ಹೆಸರು ಹೇಳಲೇಬೇಕು! ದಂಡ ಹಾಕಿದ್ದಕ್ಕೆ ಸಿಟ್ಟಾದ ನೌಕರರು ಮಂಡಳಿಯನ್ನು ಕಾರ್ಮಿಕ ನ್ಯಾಯಾಲಯಕ್ಕೆ ಎಳೆದಿದ್ದರು. ನೀರು ಕೊಡುವ ಸರ್ಕಾರಿ ಮಂಡಳಿಯೂ ಕಾನೂನಿನ ಕಣ್ಣಲ್ಲಿ ಕೈಗಾರಿಕೆಯೇ ಎಂದು 1978ರಲ್ಲಿ ಏಳು ನ್ಯಾಯಮೂರ್ತಿಗಳ ಪೀಠ ತೀರ್ಮಾನಿಸಿತು. ಇನ್ನು ಬೊಮ್ಮಾಯಿ (1994), ಟಿ.ಎಂ.ಎ. ಪೈ (2002), ಪುಟ್ಟಸ್ವಾಮಿ (2017): ಕ್ರಮವಾಗಿ 9, 11, 9 ನ್ಯಾಯಮೂರ್ತಿಗಳ ಪೀಠಗಳು. ದೇಶದ ಕಾನೂನು ವಿದ್ಯಾರ್ಥಿಗಳಿಗೆ ಕನ್ನಡ ಬಾರದಿದ್ದರೂ ಕನ್ನಡನಾಡಿನ ಹೆಸರುಗಳು ಬರುತ್ತವೆ.

● ಸಾಕ್ಷಿ ಜಿಲ್ಲಾ ಕೋರ್ಟಿನಲ್ಲಿ ಕನ್ನಡದಲ್ಲಿ ಹೇಳಿದ್ದು ಮೇಲ್ಮನವಿಯಾಗಿ ಹೈಕೋರ್ಟಿಗೆ ಏರುವಾಗ ಇಂಗ್ಲಿಷಾಗಬೇಕು. ಸಂವಿಧಾನದ 348ನೇ ವಿಧಿಯ ಕಾರಣ.

● ಗೆದ್ದ ಕೇಸೂ ಕೈತಪ್ಪುತ್ತದೆ. ವೊಡಾಫೋನ್ 11,000 ಕೋಟಿಗೂ ಮೀರಿದ ತೆರಿಗೆ ವ್ಯಾಜ್ಯವನ್ನು 2012ರ ಜನವರಿಯಲ್ಲಿ ಸುಪ್ರೀಂ ಕೋರ್ಟಿನಲ್ಲಿ ಗೆದ್ದಿತು. ಕಂಪನಿಯ ಪರ ಮಾಜಿ ಸಾಲಿಸಿಟರ್ ಜನರಲ್ ಹರೀಶ್ ಸಾಳ್ವೆ, ಸರ್ಕಾರದ ಪರ ಆಗಿನ ಸಾಲಿಸಿಟರ್ ಜನರಲ್ ರೋಹಿಂಟನ್ ನಾರಿಮನ್, ಫಾಲಿಯವರ ಮಗ. ಎರಡು ತಿಂಗಳಲ್ಲೇ ಬಜೆಟ್ಟಿನಲ್ಲಿ ಕಾನೂನನ್ನು ಹಿಂದಿನ ದಿನಾಂಕದಿಂದ ತಿದ್ದಲು ಸರ್ಕಾರ ಹೊರಟಿತು. 2020ರಲ್ಲಿ ಹೇಗ್‌ನ ಪಂಚಾಯ್ತಿ ಕಂಪನಿಯ ಪರ ಹೇಳಿತು, 2021ರಲ್ಲಿ ಸರ್ಕಾರವೇ ಆ ಪೂರ್ವಾನ್ವಯದ ತೆರಿಗೆಯನ್ನು ಕೈಬಿಟ್ಟಿತು. ಈ ಸಾಳ್ವೆಯೇ ಕುಲಭೂಷಣ್ ಜಾಧವ್ ಪರ ಅಂತರರಾಷ್ಟ್ರೀಯ ನ್ಯಾಯಾಲಯದಲ್ಲಿ ದೇಶಕ್ಕಾಗಿ ಒಂದು ರೂಪಾಯಿ ಫೀಸಿಗೆ ವಾದಿಸಿದವರು.

● ಕೊನೆಗೆ ನಮ್ಮ ಊರಿನದೇ ಒಂದು. ಇಸ್ರೋದ ವಾಣಿಜ್ಯ ಸಂಸ್ಥೆ ಆಂಟ್ರಿಕ್ಸ್ ಮತ್ತು ದೇವಾಸ್ ಮಲ್ಟಿಮೀಡಿಯಾ, ಎರಡೂ ಬೆಂಗಳೂರಿನವು, 2005ರ ಜನವರಿಯಲ್ಲಿ ಉಪಗ್ರಹದ ತರಂಗಾಂತರಕ್ಕೆ ಒಪ್ಪಂದ ಮಾಡಿಕೊಂಡವು. 2011ರಲ್ಲಿ ಅದು ರದ್ದಾಯಿತು. 2015ರಲ್ಲಿ ಪಂಚಾಯ್ತಿ ದೇವಾಸ್‌ಗೆ 56.25 ಕೋಟಿ ಡಾಲರ್ ಕೊಡಿಸಿತು. 2021ರಲ್ಲಿ ಬೆಂಗಳೂರಿನ ಕಂಪನಿ ನ್ಯಾಯಮಂಡಳಿ ವಂಚನೆಯ ಕಾರಣಕ್ಕೆ ದೇವಾಸ್ ಮುಚ್ಚಲು ಆದೇಶಿಸಿತು, 2022ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಅದನ್ನು ಎತ್ತಿಹಿಡಿಯಿತು. ಅದೇ ವರ್ಷ ದೆಹಲಿ ಹೈಕೋರ್ಟು ಪಂಚಾಯ್ತಿ ತೀರ್ಪನ್ನೇ ರದ್ದು ಮಾಡಿತು. ಅಷ್ಟರಲ್ಲಿ ಸಿಯಾಟಲ್‌ನ ಕೋರ್ಟೊಂದು ಬಡ್ಡಿ ಸೇರಿಸಿ 129 ಕೋಟಿ ಡಾಲರಿಗೆ ಡಿಕ್ರಿ ಕೊಟ್ಟಾಗಿತ್ತು. ಮೇಲಿನ ಕೋರ್ಟು ಆಂಟ್ರಿಕ್ಸಿಗೂ ಅಮೆರಿಕಕ್ಕೂ ಸಾಕಷ್ಟು ನಂಟಿಲ್ಲ ಎಂದು ತಳ್ಳಿಹಾಕಿತು. 2025ರ ಜೂನ್ 5ರಂದು ಅಮೆರಿಕದ ಸುಪ್ರೀಂ ಕೋರ್ಟು, ಆ ನಂಟು ಬೇಕೆಂದು ಅಲ್ಲಿನ ಕಾಯಿದೆಯಲ್ಲಿಲ್ಲ ಎಂದು ಒಮ್ಮತದಿಂದ ಹೇಳಿ, ಉಳಿದ ತಕರಾರುಗಳನ್ನು ನೋಡಿ ಎಂದು ಕೆಳಗೆ ಕಳಿಸಿತು. ಬೇರೆ ಬೇರೆ ಹೂಡಿಕೆದಾರರ ಕೇಸುಗಳು ಹೇಗ್, ಜಿನೀವಾ ಎಂದು ಪ್ರತ್ಯೇಕವಾಗಿ ನಡೆದಿವೆ. ಒಪ್ಪಂದಕ್ಕೆ ಸಹಿ ಬಿದ್ದ ವರ್ಷ ಕರಿಕೋಟು ತೊಟ್ಟ ಜೂನಿಯರ್‌ಗೆ ಈಗ ಇಪ್ಪತ್ತು ವರ್ಷ ದಾಟಿದ ಸೀನಿಯಾರಿಟಿ.